ಬುಟ್ಟಿಯ ಕೆಳಗೆ ಬಚ್ಚಿಟ್ಟ ಒಲೆ

"ಒಂದ ಒಲಿ ಐತ್ರಿ ಅಕ್ಕಾರ, ಬರ್ಕೊರಿ," ಅಂದಳು ಮುದುಕಿ ನೀಲವ್ವ. ಎಂಬತ್ತರ ದಶಕದ ಒಂದು ಬೆಳಿಗ್ಗೆ, ಇಳಕಲ್ಲಿನ ನೇಕಾರರ ಓಣಿಯಲ್ಲಿ.

ನಾನಾಗ ಡಿಗ್ರಿ ಮುಗಿಸಿ ಬಾಗಲಕೋಟೆಯ ಮನೆಯಲ್ಲಿ ಖಾಲಿ ಕೂತಿದ್ದವಳು. ನೇಕಾರರಿಗೆ ಮನೆ ಕಟ್ಟಿಕೊಡುವ ಯೋಜನೆಗೆ ಸರ್ವೆ ಮಾಡುವ ಟೆಂಪರರಿ ಕೆಲಸ ಸಿಕ್ಕಿತ್ತು.

ಒಂದು ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದು ಮನೆ... ರೂಲ್ ಇಷ್ಟೇ. ಇದನ್ನು ಜನರಿಗೆ ಮೊದಲೇ ಹೇಳಿದರೆ ಮನೆಮನೆಯಲ್ಲೂ ಹೊಸ ಒಲೆ ಹುಟ್ಟುತ್ತವೆ, ಬಾಯಿ ಬಿಡಬೇಡಿ ಅಂತ ಸಾಹೇಬರು ತಾಕೀತು ಮಾಡಿದ್ದರು.

ನೀಲವ್ವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು. ಅಡುಗೆಮನೆ ನೋಡದೆ ಬರೆಯುವ ಹಾಗಿರಲಿಲ್ಲ, ಒಳಗೆ ಹೋದೆ.

ಹಿರಿಯ ಸೊಸೆ ಕಮಲವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಕಿರಿಯಳು ರೇಣವ್ವ, ತುಂಬಿದ ಬಸುರಿ, ಮೂಲೆಯಲ್ಲಿ ಬೋರಲು ಹಾಕಿದ ಬುಟ್ಟಿಗೆ ಅಡ್ಡ ನಿಂತಿದ್ದಾಳೆ. ಬುಟ್ಟಿಯ ಸಂದಿಯಿಂದ ಸಣ್ಣಗೆ ಹೊಗೆ ಬರುತ್ತಿದೆ. ಈಗಷ್ಟೇ ನೀರು ಹಾಕಿ ಆರಿಸಿದ ಒಲೆ.

ನನಗೆ ನಗು ಬಂತು. ನೀಲವ್ವನ ಮುಖ ನೋಡಿ ಅದನ್ನು ನುಂಗಿಕೊಂಡೆ.

"ಸೊಸ್ತೇರು ಮಾತು ಬಿಟ್ಟು ಒಲಿ ಬ್ಯಾರೆ ಮಾಡ್ಕೊಂಡಾರ್ರಿ. ಬಂದವರ ಮುಂದ ಮನಿ ಒಡದೈತಿ ಅಂತ ಯಾವ ಬಾಯಿಲೆ ಹೇಳ್ಲಿ?"

ಅವಳಿಗೆ ಮರ್ಯಾದೆಯ ಚಿಂತೆ. ಆದರೆ ಒಂದೇ ಒಲೆ ಅಂತ ಬರೆದರೆ ರೇಣವ್ವನಿಗೆ ಮನೆ ಇಲ್ಲ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ, ರೂಲ್ ಹೇಳಿಯೇಬಿಟ್ಟೆ.

ಪಡಸಾಲೆಯ ಮಗ್ಗದಲ್ಲಿದ್ದ ಗಂಡಸರು ಕೈ ನಿಲ್ಲಿಸಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಎರಡು ಅಂತ ಬರೆಸಿದರೆ ಸರ್ಕಾರವೇ ಬಂದು ತನ್ನ ಮನೆ ಪಾಲು ಮಾಡಿದ ಹಾಗೆ ಅವಳಿಗೆ.

ಆಗ ಕಮಲವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬುಟ್ಟಿ ಎತ್ತಿ ಬದಿಗಿಟ್ಟಳು. ರೇಣವ್ವನ ಕಡೆ ಮಾತ್ರ ನೋಡಲಿಲ್ಲ.

"ಎರಡ ಅದಾವ್ರಿ, ಬರ್ಕೊರಿ. ಆಕಿಗಿ ತವರಮನಿನೂ ಇಲ್ಲ. ಇಲ್ಲೂ ಇಲ್ಲಂದ್ರ ಕೂಸಿನ್ನ ಎತ್ಕೊಂಡು ಎಲ್ಲಿಗಿ ಹೋಗಬೇಕು?"

ರೇಣವ್ವ ಗೋಡೆಗೆ ಮುಖ ಮಾಡಿ ಅತ್ತಳು. ನನ್ನ ಕಣ್ಣೂ ತುಂಬಿದವು, ಸುಳ್ಳು ಯಾಕೆ ಹೇಳಲಿ.

ಎರಡು ಅಂತ ಬರೆಯುತ್ತಿದ್ದೆ. ನೀಲವ್ವ ಮೆಲ್ಲಗೆ ಕೇಳಿದಳು, "ನನ್ನ ಹೆಸರು ಯಾವ ಒಲಿಗಿ ಬರೀತೀರಿ?"

ಯಾರ ಕಡೆ ಊಟ ಅಂತ ಕೇಳಿದೆ. ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಅಂದಳು.

ಒಬ್ಬರ ಹೆಸರು ಒಂದೇ ಕಡೆ ಬರೆಯಬೇಕು ಅಂದೆ. ಕೊನೆಗೆ ಅವಳೇ, "ಸಣ್ಣಾಕಿ ಕಡೆ ಬರೀರಿ. ಬಾಣಂತನ ಮಾಡಬೇಕಲ್ಲ," ಅಂದಳು. ಹಾಗೇ ಬರೆದೆ.

ಕೆಲವು ವರ್ಷಗಳ ನಂತರ ತಂಗಿಯ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋದಾಗ, ಅವರನ್ನು ಹುಡುಕಿಕೊಂಡು ಹೊಸ ಕಾಲೊನಿಗೆ ಹೋದೆ. ಎರಡೂ ಮನೆ ಸಿಕ್ಕಿದ್ದವು, ಒಂದಕ್ಕೊಂದು ಅಂಟಿಕೊಂಡೇ.

ರೇಣವ್ವನ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೇನೆ. ನಡುಗೋಡೆಯ ಇಟ್ಟಿಗೆ ಕಿತ್ತು ಒಂದು ಕಿಂಡಿ ಮಾಡಿದ್ದಾರೆ. ಅದರೊಳಗಿಂದ ಕಮಲವ್ವನ ಕೈ ಬಂತು, ಕೈಯಲ್ಲಿ ಬಿಸಿ ರೊಟ್ಟಿ.

"ರೇಣವ್ವಾ, ಅತ್ತಿಯವ್ರಿಗೆ ಲಗೂ ಕೊಡ, ಆರಿಹೋಗ್ತೈತಿ."

ಮನೆ ಬೇರೆಯಾದ ಮೇಲೂ ನಿಮ್ಮಲ್ಲಿ ಯಾರಾದರೂ ಇಂಥದೊಂದು ಕಿಂಡಿ ಇಟ್ಟುಕೊಂಡಿದ್ದೀರಾ?