ಆ ಹುಲ್ಲಿನಲ್ಲಿ ಮಣ್ಣಿರಲಿಲ್ಲ

ಕರಿಯಣ್ಣನವರು ತಂದುಹಾಕಿದ ಹುಲ್ಲಿನಲ್ಲಿ ಮಣ್ಣಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ, ಅವರ ಅಣ್ಣನ ಎದುರಿಗೆ, ಊರಿನವರ ಎದುರಿಗೆ, ಇದೆ ಎಂದು ಹೇಳಿದೆ. ಹೇಳಿದ್ದು ಒಂದೇ ಸಲ. ಬಾಯಿ ಮುಚ್ಚಿಕೊಂಡಿದ್ದು ಅವರು ಸತ್ತ ಮೇಲೂ. ಎರಡರಲ್ಲಿ ಯಾವುದು ದೊಡ್ಡ ಪಾಪವೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ತೀರ್ಮಾನಕ್ಕೆ ಬರಲಾಗಿಲ್ಲ.

ನಾನು ಕೊರಟಗೆರೆಯವನು. ಆಗ ಶಿರಾ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಆಳೆತ್ತರ ಬೆಳೆಯುವ ನೇಪಿಯರ್ ಹುಲ್ಲನ್ನು ರೈತರಿಂದ ಕೊಂಡು, ಒಣಗಿಸಿ, ಬಾಯ್ಲರಿಗೆ ಹಾಕಿ ಉರಿಸಿ ಕರೆಂಟು ತೆಗೆಯುತ್ತಿದ್ದರು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯುತ್ತಲೇ ಇರಬಹುದಾದ ಹುಲ್ಲು ಅದು. ಹಳ್ಳಿಗಳಿಗೆ ಹೋಗಿ ಬೆಳೆಯುವ ಕ್ರಮ ಹೇಳಿಕೊಡುವವನೂ ನಾನೇ, ಬಂದ ಹುಲ್ಲನ್ನು ಸುಟ್ಟು ಬೂದಿ ಪರೀಕ್ಷೆ ಮಾಡುವವನೂ ನಾನೇ. ಕೃಷಿ ಡಿಪ್ಲೊಮಾ ಇತ್ತು, ಬೈಕಿತ್ತು, ಮಾತಿಗಂತೂ ಬರವಿರಲಿಲ್ಲ.

ಕರಿಯಣ್ಣನವರು ಐ.ಡಿ.ಹಳ್ಳಿ ಕಡೆಯ ಕುರುಬರು. ಕುರಿ ಮಂದೆಯನ್ನು ರಾತ್ರಿ ಹೊತ್ತು ಕಂಡವರ ಹೊಲಗಳಲ್ಲಿ ನಿಲ್ಲಿಸುವುದು ಅವರ ಬದುಕು. ಮಂದೆ ನಿಂತ ಹೊಲ ಬಂಗಾರ ಬೆಳೆಯುತ್ತದೆ, ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಅವರ ಸ್ವಂತ ಹೊಲದಲ್ಲಿ ಹುಲ್ಲು ಮೊದಲ ವರ್ಷ ಬಡವಾಗಿತ್ತು. ನಾನು ನಗೆಯಾಡಿದೆ. "ಊರೋರ ಹೊಲಕ್ಕೆಲ್ಲ ಗೊಬ್ಬರ ಕೊಡ್ತೀರಿ, ನಿಮ್ಮ ಹುಲ್ಲಿಗೆ ಮಾತ್ರ ಉಪವಾಸಾನಾ ಕರಿಯಣ್ಣ? ಪ್ರತಿ ಕೊಯ್ಲಾದ್ಮೇಲೂ ಮಂದೆ ಇಲ್ಲೇ ನಿಲ್ಸಿ." ಅವರೂ ನಕ್ಕರು. "ನೀವ್ ಯೋಳುದ್ ಮ್ಯಾಕೆ ಆಯ್ತು ಬುಡಿ ಸಾಮಿ" ಅಂದರು.

ಹುಲ್ಲು ಹುಚ್ಚೆದ್ದು ಬೆಳೆಯಿತು. ನಾನು ಅದರ ನಡುವೆ ನಿಂತು ಫೋಟೋ ತೆಗೆಸಿಕೊಂಡು ಮಾಲೀಕರಿಗೆ ಕಳಿಸಿದೆ. ಆಮೇಲೆ ಆ ಹುಲ್ಲು ಬಾಯ್ಲರಿಗೆ ಬಿತ್ತು — ಬೂದಿ ಉದುರಲಿಲ್ಲ. ಬೆಲ್ಲದ ಪಾಕದಂತೆ ಕರಗಿ, ಕಂಬಿಗಳಿಗೆ ಅಂಟಿ, ಕಲ್ಲಾಯಿತು. ಒಲೆ ಆರಿಸಿ ಹಾರೆಯಲ್ಲಿ ಒಡೆದು ತೆಗೆಯಬೇಕಾಯಿತು. ತೂಕಕ್ಕೆ ಮಣ್ಣು ಬೆರೆಸಿದ್ದಾನೆ ಕಳ್ಳ, ಎಂದು ಮಾಲೀಕರು ಕೂಗಾಡಿದರು.

ಆ ದಿನ ಸಂಜೆಯೇ ನಾನೊಬ್ಬನೇ ಅವರ ಹೊಲಕ್ಕೆ ಹೋದೆ. ನಿಂತ ಹುಲ್ಲನ್ನು ನನ್ನ ಕೈಯಾರೆ ಕೊಯ್ದು, ತೊಳೆದು, ಒಣಗಿಸಿ ಸುಟ್ಟೆ. ಮತ್ತೆ ಕಲ್ಲು. ಮಂದೆ ನಿಲ್ಲದ ಒಂದು ಮೂಲೆಯ ಹುಲ್ಲನ್ನೂ ಸುಟ್ಟೆ — ವಿಭೂತಿಯಂಥ ನಯವಾದ ಬೂದಿ. ಕುರಿಯ ಹಿಕ್ಕೆ, ಗಂಜಲದ ಉಪ್ಪೆಲ್ಲ ಬೇರಿನಿಂದ ಕಾಂಡಕ್ಕೆ ಏರಿತ್ತು. ಬೂದಿಯನ್ನು ಕರಗಿಸುವುದೇ ಆ ಉಪ್ಪು. ಮೇವಿಗೆ ಒಳ್ಳೆಯದಾದ ಹುಲ್ಲು ಉರಿಸುವುದಕ್ಕೆ ಕೆಟ್ಟದ್ದು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹೊಲದಲ್ಲಿ ನಿಂತು ಬುದ್ಧಿ ಹೇಳುವಾಗ ಮಾತ್ರ...

ಮಾಲೀಕರು ಕಾರ್ಖಾನೆಯ ಅಂಗಳಕ್ಕೆ ಕರಿಯಣ್ಣನವರನ್ನು, ಅವರ ಅಣ್ಣನನ್ನು, ಊರಿನವರನ್ನು, ಎಲ್ಲರನ್ನೂ ಕರೆಸಿದರು. ಕರಿಯಣ್ಣನವರು ಹೆಗಲ ಮೇಲಿನ ಕರಿ ಕಂಬಳಿ ತೆಗೆದು ನೆಲಕ್ಕೆ ಹಾಸಿ, ಅದರ ಮೇಲೆ ಅಂಗೈ ಇಟ್ಟರು. "ಈ ಕಂಬ್ಳಿ ಆಣೆ, ಒಂದ್ ಚಿಟ್ಕೆ ಮಣ್ಣೂ ಬೆರ್ಸಿಲ್ಲ." ಅವರ ಜನಕ್ಕೆ ಕಂಬಳಿಯೇ ದೇವರು. ಅದನ್ನು ಮುಟ್ಟಿ ಸುಳ್ಳಾಡಿದವನಿಗೆ ಕುಲದಲ್ಲಿ ಜಾಗವಿಲ್ಲ. ಮಾಲೀಕರು ನನ್ನ ಕಡೆ ತಿರುಗಿದರು. "ಏನ್ರೀ, ಮಣ್ಣಿದೆಯೋ ಇಲ್ವೋ?" ಕರಿಯಣ್ಣನವರೂ ನನ್ನನ್ನು ನೋಡಿದರು — ಸದ್ಯ, ತಿಳಿದವರೊಬ್ಬರು ಇದ್ದಾರೆ ಎನ್ನುವ ಸಮಾಧಾನ ಅವರ ಮುಖದಲ್ಲಿತ್ತು.

"ಇದೆ ಸಾರ್" ಅಂದೆ.

ಕೆಲಸ ಹೋಗುತ್ತಿತ್ತು, ಮರ್ಯಾದೆ ಹೋಗುತ್ತಿತ್ತು — ಬೇಡ, ಕಾರಣ ಹೇಳುವುದಿಲ್ಲ. ಹೇಡಿಯಾಗಿದ್ದೆ, ಅಷ್ಟೆ.

ಅವರ ಹುಲ್ಲು ಕೊಳ್ಳುವುದು ನಿಂತಿತು. ಅದನ್ನು ಅವರು ತಡೆದುಕೊಳ್ಳುತ್ತಿದ್ದರು. ಆದರೆ ಒಡಹುಟ್ಟಿದ ಅಣ್ಣ ಅವರ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಮದುವೆ, ತಿಥಿ, ಎಲ್ಲಿಗೂ ಕರೆಯಲಿಲ್ಲ. ಸುಳ್ಳಾಣೆ ಇಟ್ಟವನ ಮಂದೆ ಹೊಲಕ್ಕೆ ಬೇಡವೆಂದು ಊರಿನವರೂ ಅಂದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಒಂದು ಮಾತು ಸಾಕಿತ್ತು, ಆಡಲಿಲ್ಲ.

ಒಂದು ದಿನ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಕಂಡು ಹತ್ತಿರ ಬಂದರು. ಹೆಗಲು ಬರಿದಾಗಿತ್ತು. ಬಯ್ಯುತ್ತಾರೆಂದು ಕಾದೆ, ಬಯ್ದರೆ ಎಲ್ಲ ಹೇಳಿಬಿಡುತ್ತೇನೆ ಎಂದೂ ಅಂದುಕೊಂಡೆ. ಅವರು ಕೈ ಮುಗಿದರು. "ಕುರಿ ತುಳ್ದು ಮಣ್ಣು ಹಾರಿ ಹುಲ್ಲಿಗ್ ಅಂಟ್ಕಂಡಿರ್ಬೇಕು ಸಾಮಿ. ನಂಗ್ ತಿಳೀಲಿಲ್ಲ, ಆಣೆ ಇಟ್ಬುಟ್ಟೆ. ಓದ್ದೋರು ನೀವ್ಯಾಕ್ ಸುಳ್ಳೇಳ್ತೀರಿ? ನಂದು ತಪ್ಪಾಯ್ತು. ಕಂಬ್ಳಿ ಹೊದಿಯೋ ಯೋಗ್ತೆ ನಂಗಿಲ್ಲ."

ನಾನು ಏನಂದೆ ಗೊತ್ತೆ? "ಇರ್ಲಿ ಬಿಡಿ ಕರಿಯಣ್ಣ, ಆಗುತ್ತೆ." ನಾನು — ನಾನು ಅವರನ್ನು ಕ್ಷಮಿಸಿದೆ! ಆಮೇಲೆ ಬಸ್ಸು ಬಂತು, ಹತ್ತಿದೆ.

ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಮೈಮೇಲೆ ಕಂಬಳಿ ಹೊದಿಸಬೇಡಿ ಎಂದು ಹೇಳಿ ಸತ್ತಿದ್ದರಂತೆ. ಬರೀ ಬಿಳಿ ಬಟ್ಟೆಯಲ್ಲಿ ಇಳಿಸಿದರು. ಅಣ್ಣ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಆಗಲೂ!

ಕಾರ್ಖಾನೆ ಈಗ ಮುಚ್ಚಿದೆ, ಹೆದರುವುದಕ್ಕೆ ಯಾರೂ ಇಲ್ಲ. ಅದಕ್ಕೇ ಧೈರ್ಯ ಬಂತೇನೋ. ನಿನ್ನೆ ಅವರ ಹೆಂಡತಿ ಲಕ್ಕಮ್ಮನವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಅಳಲಿಲ್ಲ, ಶಾಪ ಹಾಕಲಿಲ್ಲ.

"ನಂಗ್ ಗೊತ್ತಿತ್ತು ಕಣಪ್ಪ," ಅಂದರು ಕೊನೆಗೆ. "ಹುಲ್ ಕೊಯ್ದೋಳು ನಾನು, ಹೊರೆ ಕಟ್ಟಿದ್ದೂ ನಾನು. ಮಣ್ಣೆಲ್ಲಿಂದ ಬಂದಾತು? ಎಷ್ಟ್ ಯೋಳುದ್ರೂ ಅವ್ರು ನನ್ ಮಾತ್ ನಂಬ್ಲಿಲ್ಲ. ಆ ಸಾಮಿ ಸುಳ್ಳೇಳಲ್ಲ ಕಣಮ್ಮಿ ಅಂತಿದ್ರು. ಸಾಯೋ ದಿನಾನೂ ಅದ್ನೇ ಅಂದ್ರು."

ನಾಳೆ ಅವರ ಅಣ್ಣನ ಮನೆಗೆ ಹೋಗುತ್ತೇನೆ. ಕುಲದವರನ್ನೆಲ್ಲ ಸೇರಿಸಿ ಎಂದು ಕೇಳಿ, ಅವರ ಮುಂದೆ ಹೇಳುತ್ತೇನೆ. ಅವರು ನನ್ನನ್ನು ಏನು ಮಾಡಿದರೂ ಸರಿಯೇ. ಕರಿಯಣ್ಣನವರಿಗೆ ಮಾತ್ರ ಆ ಮಾತನ್ನು ಇನ್ನು ಯಾರೂ ಹೇಳಲಾರರು.