ಅಣ್ಣ ಹೇಳದೇ ಬಿಟ್ಟ ಕಾಯಿಲೆ

ಒಂಬತ್ತನೇ ದಿನದ ರೇಡಿಯೇಷನ್ ಮುಗಿಸಿ ಅಣ್ಣನ ಜೊತೆ ಶಿವಮೊಗ್ಗದಿಂದ ವಾಪಸಾಗುತ್ತಿದ್ದೆ. ರೈಲು ತರೀಕೆರೆ ದಾಟುವಾಗ ಬಲಗಡೆ ಎದೆ ಉರಿಯತೊಡಗಿತು. ರೇಡಿಯೇಷನ್‌ಗೆ ನಮ್ಮ ಕಡೆಯವರು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡೆ. ಹದಿನೈದನೇ ದಿನಕ್ಕೆ ಚರ್ಮ ಕಪ್ಪಾಗಿ ಒಡೆಯಿತು.

ಚಿಕಿತ್ಸೆ ಮುಗಿದ ಮೇಲೂ ಮಾಯಲಿಲ್ಲ.

ನನಗೆ ಇಪ್ಪತ್ತು ವರ್ಷದಿಂದ ಸ್ಕ್ಲೀರೋಡರ್ಮಾ. ಚಳಿಗೆ ಬೆರಳು ಬೆಳ್ಳಗಾಗುತ್ತವೆ, ಚರ್ಮ ಬಿಗಿಯುತ್ತದೆ. ನಿಶ್ಚಯವಾಗಿದ್ದ ನನ್ನ ಮದುವೆ ಅದರಿಂದಲೇ ಮುರಿಯಿತು. ಕಡೂರಿನ ಅಣ್ಣನ ಮನೆಯಲ್ಲೇ ಉಳಿದೆ, ಜೆರಾಕ್ಸ್ ಅಂಗಡಿ ಇಟ್ಟುಕೊಂಡೆ. ಸ್ತನದ ಕ್ಯಾನ್ಸರ್ ಅಂದಾಗ ಓಡಾಡಿದವನು, ಫಾರಂ ತುಂಬಿದವನು ಅಣ್ಣನೇ. ಆಪರೇಷನ್ ಆಗಿ ಮಲಗಿದ್ದಾಗ ಕೇಳಿದ್ದೆ, “ಅಣ್ಣಾ, ನನ್ನ ಹಳೇ ಕಾಯಿಲೆ ವಿಷ್ಯ ರೇಡಿಯೇಷನ್ ಡಾಕ್ಟ್ರಿಗೆ ಹೇಳಿದ್ಯಾ?”

“ಹೇಳ್ದೆ ಕಣೇ. ಏನೂ ತೊಂದ್ರೆ ಇಲ್ಲ ಅಂದ್ರು.”

ಆರು ತಿಂಗಳಿಗೆ ಎದೆಯ ಚರ್ಮ ಹಲಗೆಯಂತಾಯಿತು. ಬಲಗೈ ಮೇಲೇಳಲಿಲ್ಲ. ನಾಲ್ಕು ಮೆಟ್ಟಿಲಿಗೆ ಏದುಸಿರು. ರೇಡಿಯೇಷನ್ ಡಾಕ್ಟರಮ್ಮ ನನ್ನ ಬೆರಳುಗಳನ್ನು ಹಿಡಿದು ಬಹಳ ಹೊತ್ತು ನೋಡಿದರು.

“ಇದು ಯಾವಾಗಿಂದ ಇದೆ? ಫಾರಂನಲ್ಲಿ ಬೇರೆ ಕಾಯಿಲೆ ಇಲ್ಲ ಅಂತ ಬರೆದಿದ್ದೀರಲ್ಲ?”

ಅಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

ಡಾಕ್ಟರಮ್ಮ ಬೈಯಲಿಲ್ಲ. “ಗೊತ್ತಿದ್ರೆ ಈ ಕಾಯಿಲೆ ನೋಡೋ ರುಮಟಾಲಜಿಸ್ಟ್‌ನ ಕೇಳಿ ಮುಂದುವರೀತಿದ್ವಿ. ಈ ಕಾಯಿಲೆ ಇದ್ದು ರೇಡಿಯೇಷನ್ ತಗೊಂಡ್ರೆ ಕೆಲವರಿಗೆ ಚರ್ಮ, ಶ್ವಾಸಕೋಶ ಗಟ್ಟಿಯಾಗ್ತವೆ, ಎಲ್ಲರಿಗೂ ಹೀಗಾಗಲ್ಲ. ಆದ್ರೆ ಯೋಚನೆ ಮಾಡೋಕೆ ನಮಗೆ ಅವಕಾಶನೇ ಸಿಗಲಿಲ್ಲ.”

ಹೊರಗೆ ಬೆಂಚಿನ ಮೇಲೆ ಅಣ್ಣ ಬಾಯಿಬಿಟ್ಟ. “ಅಜ್ಜಂಪುರದ ಗಂಡಿನೋರು ನನ್ ಮಗಳನ್ನ ನೋಡ್ಕೊಂಡು ಹೋಗಿದ್ರಲ್ಲ, ಅವರ ಕಡೇರೊಬ್ರು ಇಲ್ಲೇ ನರ್ಸು. ಗೊತ್ತಾದ್ರೆ ನಿಂದು ಮುರಿದಂಗೇ ಇದೂ ಮುರೀತದೆ ಅಂತ ಹೆದರ್ಬಿಟ್ಟೆ ಕಣಮ್ಮಾ.”

“ನನ್ ಮೈ ಕಣಣ್ಣಾ. ನನ್ನ ಒಂದ್ ಮಾತು ಕೇಳ್ಬೇಕಿತ್ತು.”

ಕಾಯಿಲೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ನಾನು ಯಾರೆಂದು ಕೇಳಿಕೊಂಡು ಬಂದದ್ದಲ್ಲ. ಆದರೆ ದಿನವೂ ರೈಲಿನಲ್ಲಿ ಪಕ್ಕದಲ್ಲೇ ಕೂತು, ಮೊಸರನ್ನದ ಡಬ್ಬಿ ಬಿಚ್ಚಿಕೊಟ್ಟು, ನಾನು ಉರಿಗೆ ಸೆರಗು ಬೀಸಿಕೊಳ್ಳುವುದನ್ನು ನೋಡುತ್ತಲೇ ಇದ್ದು, ಒಂದು ದಿನವೂ ಅವನು ಬಾಯಿ ಬಿಡಲಿಲ್ಲ.

ಆಮೇಲೆ ತಿಳಿಯಿತು. ಅಣ್ಣನ ಮಗಳು ಆ ಅಜ್ಜಂಪುರದ ಹುಡುಗನಿಗೆ ನನ್ನ ಕಾಯಿಲೆಯ ವಿಷಯವನ್ನೆಲ್ಲ ಮೊದಲೇ ಹೇಳಿದ್ದಳಂತೆ. ಅವನು “ನಿಮ್ಮತ್ತೆ ಈಗ ಹುಷಾರಾಗಿದ್ದಾರಾ?” ಅಂತಷ್ಟೇ ಕೇಳಿದನಂತೆ.

ಮದುವೆ ಆಯಿತು. ನಾನೂ ಅಕ್ಷತೆ ಹಾಕಿದೆ, ಎಡಗೈಯಲ್ಲಿ.

ಹೋದ ವಾರದ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅಣ್ಣನೂ ನಾನೂ ಒಂದೇ ಮನೆಯಲ್ಲಿದ್ದೇವೆ, ಮಾತು ಅಷ್ಟಕ್ಕಷ್ಟೆ. ಫಿಸಿಯೋಥೆರಪಿಯಿಂದ ಬಲಗೈ ಈಗ ಎದೆಮಟ್ಟಕ್ಕೆ ಬರುತ್ತದೆ. ತಲೆ ಬಾಚಿಕೊಳ್ಳಲು ಸಾಲದು. ಕೈ ಮುಗಿಯಲು ಸಾಕು.