ಪಾರವ್ವ ನೆಲ ಒರೆಸಿದರೆ ಯಾರೂ ದಾಟುವಂತಿಲ್ಲ

ಪಾರವ್ವ ಗುಡಿಸಿ ಮುಗಿಸಿ ‘ಹ್ಞೂಂ’ ಅನ್ನುವ ತನಕ ಸೂರ್ಯ ಪಾರಸಿಕ ಗುಡ್ಡದ ಹಿಂದೆಯೇ ಕಾದು ನಿಲ್ಲುತ್ತಾನೆ. ಅಲ್ಲಿಯವರೆಗೆ ನವಿ ಮುಂಬಯಿಗೆ ಬೆಳಗಾಗುವುದಿಲ್ಲ. ನಂಬದವರು ಮೊದಲ ಲೋಕಲ್ ಹಿಡಿದು ಸಾನಪಾಡಾಕ್ಕೆ ಬನ್ನಿ. ಎಲೆಕ್ಟ್ರಾನಿಕ್ಸ್ ಸರ್ವಿಸ್ ಸೆಂಟರೊಂದರ ಷಟರ್ ಅರ್ಧ ಎದ್ದಿದೆ. ಒಳಗೆ ವಿಜಯಪುರ ಕಡೆಯ ಈ ಹೆಂಗಸು ಪೊರಕೆ ಮುಟ್ಟುವ ಮೊದಲು ಕಸದ ಡಬ್ಬಿಯನ್ನು ಮೂಸಿ ನೋಡುತ್ತಾರೆ.

“ಉಬ್ಬಿದ ಬ್ಯಾಟರಿ ಉಗುರಿನ ಬಣ್ಣದಂಗ ನಾರತೈತ್ರಿ. ಒಮ್ಮೆ ಈ ಡಬ್ಬಿ ಹೊಗಿ ಬಿಟ್ಟಿತ್ತು. ಅವತ್ತಿಂದ ಇಲ್ಲಿ ಯಾವುದನ್ನೂ ನಂಬೂದಿಲ್ಲ ನಾ.”

ಆ ‘ಯಾವುದನ್ನೂ’ ಎಂಬುದರಲ್ಲಿ ಕೌಂಟರಿನ ನಗು, ಪುಕ್ಕಟೆ ನೀರು, ತಮ್ಮ ಬಗ್ಗೆ ಬರೆಯಲು ಸಂದರ್ಶನಕ್ಕೆ ಬಂದವನು ಎಲ್ಲವೂ ಸೇರಿವೆ. “ನೀವು ಕಂಪನಿ ಕಡೆಯವರಲ್ಲ ಅನ್ನೂದಕ ಏನ್ ಗ್ಯಾರಂಟಿ?” ಎಂದು ನೇರವಾಗಿ ಕೇಳುತ್ತಾರೆ.

ಗಂಡ ವೀರಭದ್ರಪ್ಪ ಕೆಲಸ ಮಾಡುತ್ತಿದ್ದ ರಬಾಳೆಯ ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಒಲೆ ಹೊತ್ತುವುದು ಈ ಪೊರಕೆಯಿಂದಲೇ. ಗುತ್ತಿಗೆಯ ಸೂಪರ್‌ವೈಸರ್ ಸುಜನ್ ಎಚ್ಚರಿಸಿಯಾಗಿದೆ: “ನೆಲ ನೋಡು, ಗಿರಾಕಿ ಮುಖ ನೋಡಬೇಡ. ಇನ್ನೊಮ್ಮೆ ಬಾಯಿ ಬಿಟ್ಟರೆ ಬೇರೆಯವಳನ್ನು ತರ್ತೇನೆ.”

ಬಾಗಿಲು ತೆರೆದ ಕೂಡಲೇ ಡೊಂಬಿವಲಿಯ ಜಯಲತಾ ಬರುತ್ತಾರೆ. ಚೀಲದಲ್ಲಿ ಪವರ್ ಬ್ಯಾಂಕ್, ಪೂರಿಯಂತೆ ಉಬ್ಬಿದೆ.

“ತಗೊಂಡದ್ದು ದೀಪಾವಳಿ ಸೇಲಲ್ಲಿ ಮಾರಾಯ್ರೆ. ತಮ್ಮನಿಗೆ ಕೊಟ್ಟದ್ದು ಮೇ ತಿಂಗಳಲ್ಲಿ ಊರಿಗೆ ಹೋದಾಗ. ಅಷ್ಟರವರೆಗೆ ಕಪಾಟಿನಲ್ಲಿ ಸುಮ್ಮನೆ ಮಲಗಿತ್ತು. ಈಗ ಉಬ್ಬಿದೆ ಅಂತ ಅವನು ವಾಪಸ್ ತಂದು ಕೊಟ್ಟಿದ್ದಾನೆ.”

ಊರಿಗೆಂದು ಕೊಂಡದ್ದನ್ನು ಪೆಟ್ಟಿಗೆ ಒಡೆಯದೆ ರಜೆಯ ತನಕ ಎತ್ತಿಡುವುದು ಇಲ್ಲಿನ ನಮ್ಮವರ ರೂಢಿ. ವಾರಂಟಿಗೆ ಆ ಮರ್ಯಾದೆ ಗೊತ್ತಿಲ್ಲ. ಬಿಲ್ ಆದ ದಿನದಿಂದಲೇ ಅದು ಕರಗುತ್ತಿರುತ್ತದೆ.

“ಮೇಡಂ, ಕಪಾಟ್ ಕೋ ವಾರಂಟಿ ನಹೀ ಹೋತೀ,” ಎನ್ನುತ್ತಾನೆ ಕೌಂಟರಿನ ಜಯೇಶ್. ಕಪಾಟಿಗೆ ವಾರಂಟಿ ಇರುವುದಿಲ್ಲವಂತೆ. ಅವಧಿ ಮುಗಿದಿದೆ, ಅದನ್ನು ಇಲ್ಲೇ ಬಿಟ್ಟುಹೋಗಿ, ನಾವೇ ಎಸೆಯುತ್ತೇವೆ ಎಂದು ನಯವಾಗಿ ಕೈಚಾಚುತ್ತಾನೆ.

ಆಗ ಪಾರವ್ವನ ಬಕೆಟ್ ಹೊರಡುತ್ತದೆ. ಬಾಗಿಲಿಗೆ ಅಡ್ಡಲಾಗಿ ನೀರು, ಹಳದಿ ಫಲಕ. ಬರಿಗೈಯಲ್ಲಿ ಹೊರಟ ಜಯಲತಾ ನಿಲ್ಲಲೇಬೇಕು.

“ನೆಲ ಹಸೀ ಐತಿ, ನಿಂದರ್ರಿ,” ಎಂದು ಜೋರಾಗಿ. ಆಮೇಲೆ ನೆಲಕ್ಕೇ ಹೇಳುವಂತೆ, “ಸಾಮಾನ ಯಾಕ ಬಿಟ್ಟ್ ಬಂದ್ರಿ ತಾಯಿ? ಮಾಡೂವಾಗನ ದೋಷ ಇದ್ರ ವಾರಂಟಿ ಮುಗದ ಮ್ಯಾಲೂ ಗ್ರಾಹಕರ ಕೋರ್ಟಿನ್ಯಾಗ ಕೇಳಾಕ ಬರತೈತಂತ. ವಸ್ತುನ ಇಲ್ಲಂದ್ರ ಏನ್ ತೋರಸ್ತೀರಿ? ವಾಪಸ್ ಇಸ್ಕೊಳ್ರಿ, ಆಗೂದಿಲ್ಲ ಅನ್ನೂದನ್ನ ಬರದ್ ಕೊಡ್ರಿ ಅನ್ರಿ. ಚಾರ್ಜಿಗೆ ಮಾತ್ರ ಹಚ್ಚಬ್ಯಾಡ್ರಿ.”

“ನಿಮಗೆ ಯಾರು ಹೇಳಿದ್ದು?”

“ವಕೀಲರೊಬ್ರು ಇದ ಕೌಂಟರಿನ್ಯಾಗ ಒದರಾಡಿದ್ರು. ನಾ ಒರಸಿದ್ದನ್ನ ಒರಸಕೋತ ಕೇಳಿದೆ.”

ಜಯಲತಾ ಹಿಂದಿರುಗಿ ಪವರ್ ಬ್ಯಾಂಕ್ ಕಸಿದುಕೊಳ್ಳುತ್ತಾರೆ, ಗ್ರಾಹಕರ ಕೋರ್ಟಿಗೆ ದೂರು ಜಡಿಯುತ್ತಾರೆ. ಕಂಪನಿ ಬುಡಸಮೇತ ನಡುಗುತ್ತದೆ. ಕೋಟು ತೊಟ್ಟ ದೊಡ್ಡವರೆಲ್ಲ ಡೊಂಬಿವಲಿಯ ನಾಲ್ಕನೇ ಮಾಳಿಗೆಗೆ ಮೆಟ್ಟಿಲು ಹತ್ತಿ ಬಂದು, ಹೊಸ ಪವರ್ ಬ್ಯಾಂಕನ್ನು ತಟ್ಟೆಯಲ್ಲಿಟ್ಟು ಕ್ಷಮೆ ಕೇಳುತ್ತಾರೆ.

ಇಷ್ಟು ಬರೆದು ಸ್ಟೇಷನ್ನಿನ ಬೆಂಚಿನ ಮೇಲೆ ಓದಿ ಹೇಳಿದಾಗ ಪಾರವ್ವ ಕೈ ಅಡ್ಡ ಹಿಡಿಯುತ್ತಾರೆ. “ನಿಂದರ್ರಿ. ಯಾವ ಕೋಟಿನವರು? ಯಾವಾಗ ಬಂದ್ರು? ನಡುಗಿದ್ದು ಕಂಪನಿ ಅಲ್ರಿ, ನಾನು. ಜಯೇಶ್ ಆವತ್ತಿಂದ ನನ್ನ ಬಕೆಟ್ಟನ್ನ ದಿಟ್ಟಿಸಿ ನೋಡಾಕತ್ಯಾನ.”

ಬರೆದವನು ಸಿಕ್ಕಿಬಿದ್ದ, ಒಪ್ಪಿಕೊಳ್ಳದೆ ವಿಧಿಯಿಲ್ಲ. ಯಾರೂ ಮೆಟ್ಟಿಲು ಹತ್ತಿಲ್ಲ. ಕಂಪನಿಯಿಂದ ಬಂದದ್ದು ಒಂದೇ ಉತ್ತರ: ವಾರಂಟಿ ಮುಗಿದಿದೆ. ದೂರು ಇನ್ನೂ ವಿಚಾರಣೆಗೆ ಬಂದಿಲ್ಲ. ಪಾರವ್ವನ ಮಾತು ಕೇಳಿ ಗೆದ್ದವರು ಈವರೆಗೆ ಒಬ್ಬರೂ ಇಲ್ಲ. ವಸ್ತು ಕಳಕೊಳ್ಳದೆ ಮನೆಗೆ ಹೋದವರಿದ್ದಾರೆ, ಅಷ್ಟೇ.

“ಅಷ್ಟ ಬರೀರಿ, ಸಾಕು,” ಎನ್ನುತ್ತಾರೆ. “ಮತ್ತ ನನಗ ನಾಳೆನೂ ಕೆಲಸ ಇರಬೇಕು, ನೆನಪಿರ್ಲಿ.”

ಆದ್ದರಿಂದ ಇನ್ನೊಂದು ನಿಜ: ಅವರ ಹೆಸರು ಪಾರವ್ವ ಅಲ್ಲ, ಆ ಸೆಂಟರ್ ಸಾನಪಾಡಾದಲ್ಲೂ ಇಲ್ಲ. ಈ ಎರಡು ಸುಳ್ಳು ಅವರೇ ಹೇಳಿ ಬರೆಸಿದ್ದು. ಉಳಿದ ಸುಳ್ಳುಗಳು ಬರೆದವನವು.